ಮಣ್ಣಿನ ಬಣ್ಣ ಬಳಿದರೆ ಕಿತ್ತಳೆಯಾದ ಹಾಲ್: ಒಂದು ಪ್ರಕರಣ ಅಧ್ಯಯನ

ಹಾಲ್ 14 ಅಡಿ ಉದ್ದ, 12 ಅಡಿ ಅಗಲ. ಎತ್ತರ ಒಂಬತ್ತೂವರೆ ಅಡಿ. ಉದ್ದನೆಯ ಗೋಡೆಯೊಂದರಲ್ಲಿ ದೊಡ್ಡ ಕಿಟಕಿ ಇದೆ, ಆದರೆ ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಹೊರಗೆ ದಟ್ಟವಾದ ಮರ ಬೇರೆ. ನೆಲಕ್ಕೆ ಹೊಳೆಯುವ ಬಿಳಿ ಟೈಲ್ಸ್, ಗೋಡೆ ಬಿಳಿ, ಸೀಲಿಂಗ್ ಬಿಳಿ, ಸಂಜೆಯಾದರೆ ಬಿಳಿ ಟ್ಯೂಬ್‌ಲೈಟ್. ಕಿಟಕಿಗೆ ಎದುರಿನ ಗೋಡೆಗೆ ಒತ್ತಿ ಬೂದು ಬಣ್ಣದ ಸೋಫಾ. ಮನೆಯಲ್ಲಿ ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗ, ಗಂಡನ ತಾಯಿ. ಹೊರಗಿನಿಂದ ದಣಿದು ಬಂದರೂ ಇಲ್ಲಿ ಕೂರೋಣ ಅನಿಸುವುದೇ ಇಲ್ಲ ಎನ್ನುವುದು ಮನೆಯಾಕೆಯ ದೂರು. ಬೆಚ್ಚಗಿನ, ಮಣ್ಣಿನ ಬಣ್ಣ ಬಳಿಸೋಣ ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದರು.

ಶೇಡ್ ಕಾರ್ಡ್ ತಂದರು. ಅದರಲ್ಲಿ ಬೆರಳಗಲದ ಒಂದು ಚೌಕ ಇಬ್ಬರಿಗೂ ಇಷ್ಟವಾಯಿತು. ಇಟ್ಟಿಗೆಗಿಂತ ಸ್ವಲ್ಪ ತಿಳಿ, ಹೊಸ ಹೂಕುಂಡದ ಬಣ್ಣಕ್ಕೆ ಹತ್ತಿರ. ಸ್ಯಾಂಪಲ್ ಡಬ್ಬಿ ತರಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಕಿಟಕಿಯ ಗೋಡೆ ಬಿಟ್ಟು ಉಳಿದ ಮೂರು ಗೋಡೆಗೂ ಅದನ್ನೇ ಬಳಿಸಿದರು. ಒರೆಸಲು ಸುಲಭ ಅಂತ ತುಸು ಹೊಳಪಿನ ಸಾಟಿನ್ ಫಿನಿಶ್ ಆಯ್ಕೆ ಮಾಡಿದರು.

ಎರಡನೇ ಕೋಟ್ ಒಣಗಿದ ಮೇಲೆ ಅತ್ತೆ ಹೇಳಿದ ಮಾತು ಇದು: "ಕಿತ್ತಳೆ ಹಣ್ಣಿನೊಳಗೆ ಕೂತ ಹಾಗಿದೆ ಕಣಮ್ಮ." ಜೊತೆಗೆ ಇನ್ನೊಂದು ತಕರಾರು, ಹಗಲಲ್ಲೂ ಪೇಪರ್ ಓದಲು ಆಗುತ್ತಿಲ್ಲ. ಮಗನಿಗೆ ಮಾತ್ರ ಖುಷಿ. ಗಂಡ "ಸ್ವಲ್ಪ ದಿನ ಹೋದರೆ ರೂಢಿಯಾಗುತ್ತೆ" ಅಂದರು. ರೂಢಿಯಾಗಲಿಲ್ಲ. ಆಮೇಲೆ ಸಲಹೆ ಕೇಳಲು ನನ್ನನ್ನು ಕರೆದರು.

ನೋಡಿದಾಗ ಕಂಡದ್ದು

ಬಣ್ಣ ಕೆಟ್ಟದ್ದೇನೂ ಅಲ್ಲ. ಆದರೆ ಒಂದೇ ಡಬ್ಬಿಯ ಬಣ್ಣ ಆ ಹಾಲ್‌ನಲ್ಲಿ ಮೂರು ಬಣ್ಣವಾಗಿತ್ತು. ಕಿಟಕಿಗೆ ನೇರ ಎದುರಿನ ಗೋಡೆಯ ನಡುಭಾಗ ಮಂಕು ಕಂದು. ಎರಡು ಗೋಡೆ ಕೂಡುವ ಮೂಲೆಗಳಲ್ಲಿ ಕಣ್ಣಿಗೆ ರಾಚುವ ಕಿತ್ತಳೆ. ಸಂಜೆ ಟ್ಯೂಬ್‌ಲೈಟ್ ಹಾಕಿದ ಮೇಲೆ ಇಡೀ ಹಾಲ್ ಬೆಚ್ಚಗೆ ಕಾಣುವ ಬದಲು ಒಂಥರಾ ಸತ್ತ ನಸುಗೆಂಪು.

ಮೂಲೆಯ ಕಿತ್ತಳೆ ಮೊದಲು. ಗೋಡೆ ತನ್ನ ಮೇಲೆ ಬಿದ್ದ ಬೆಳಕನ್ನು ಬಣ್ಣ ಹಚ್ಚಿ ವಾಪಸ್ ಕಳಿಸುತ್ತದೆ. ಆ ಬಣ್ಣದ ಬೆಳಕು ಪಕ್ಕದ ಗೋಡೆಗೆ, ಎದುರಿನ ಗೋಡೆಗೆ ಬೀಳುತ್ತದೆ. ಅಲ್ಲೂ ಅದೇ ಬಣ್ಣ ಇದ್ದರೆ ಇನ್ನೊಂದು ಸುತ್ತು ಗಾಢವಾಗಿ ಹಿಂದಿರುಗುತ್ತದೆ. ಪ್ರತಿ ಸುತ್ತಿನಲ್ಲೂ ನೀಲಿ, ಹಸಿರು ಅಂಶ ಸೋಸಿ ಹೋಗಿ ಕೆಂಪು, ಹಳದಿಯಷ್ಟೇ ಉಳಿಯುತ್ತದೆ. ಶೇಡ್ ಕಾರ್ಡ್‌ನ ಚೌಕಕ್ಕೆ ಈ ಯೋಗ ಇಲ್ಲ. ಅದರ ಸುತ್ತ ಬಿಳಿ ಕಾಗದ, ಎದುರಿಗೆ ಏನೂ ಇಲ್ಲ. ಹಾಗಾಗಿ ಕಾರ್ಡ್‌ನಲ್ಲಿ ಹಿತವಾಗಿ ಕಂಡದ್ದು ಕೋಣೆಯಲ್ಲಿ ಸದಾ ಒಂದು ಮಟ್ಟ ಜೋರು. ತಿಳಿ ಬಣ್ಣಗಳಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮಣ್ಣಿನ ಬಣ್ಣಗಳಲ್ಲಿ ಮುಖಕ್ಕೆ ಹೊಡೆಯುತ್ತದೆ.

ನಡುಭಾಗದ ಮಂಕಿಗೆ ಹೊರಗಿನ ಮರ ಕಾರಣ. ಎಲೆಗಳಿಗೆ ತಾಗಿ ಬರುವ ಬೆಳಕಿನಲ್ಲಿ ಹಸಿರು ಜಾಸ್ತಿ, ಕೆಂಪು ಕಡಿಮೆ. ಕೆಂಪು ಗೋಡೆಗೆ ಹಿಂದಿರುಗಿಸಲು ಕೆಂಪು ಬೆಳಕೇ ಸಿಗದಿದ್ದರೆ ಕಂದಾಗಿ ಕಾಣುತ್ತದೆ, ಇನ್ನೇನು ಮಾಡೀತು? ಸಂಜೆಯದ್ದೂ ಇದೇ ಕಥೆ. ಅವರ ಎಲ್‌ಇಡಿ ಟ್ಯೂಬ್‌ಗಳ ಮೇಲೆ 6500 ಕೆಲ್ವಿನ್ ಎಂದು ಬರೆದಿತ್ತು. ಬೆಳಕಿನ ಛಾಯೆಯ ಅಳತೆ ಇದು, ಅಂಕಿ ಏರಿದಷ್ಟೂ ಬೆಳಕು ನೀಲಿ ಕಡೆಗೆ, ಇಳಿದಷ್ಟೂ ಹಳದಿ ಕಡೆಗೆ. 6500 ಅಂದರೆ ಮೋಡ ಕವಿದ ಹಗಲಿನಂಥ ನೀಲಿ ಛಾಯೆಯ ಬಿಳಿ. ಪಕ್ಕದಲ್ಲಿ ಸಿಆರ್‌ಐ 80 ಎಂದಿತ್ತು. ಬೆಳಕು ಬಣ್ಣಗಳನ್ನು ಎಷ್ಟು ನಿಯತ್ತಾಗಿ ತೋರಿಸುತ್ತದೆ ಎನ್ನುವುದಕ್ಕೆ 100ರ ವರೆಗಿನ ಅಳತೆ ಅದು. 80 ಸಾಧಾರಣ. ಇಂಥ ಎಲ್‌ಇಡಿಗಳು ಮೊದಲು ಕೈಕೊಡುವುದೇ ಗಾಢ ಕೆಂಪಿನ ವಿಷಯದಲ್ಲಿ. ಬಿಳಿ ಗೋಡೆಗೆ ಇದರಿಂದ ನಷ್ಟ ಇರಲಿಲ್ಲ, ಅದಕ್ಕೇ ಅಲ್ಲಿಯವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.

ಇನ್ನೊಂದು ವಿಚಿತ್ರ: ಬೂದು ಸೋಫಾ ಈಗ ನೀಲಿಯಾಗಿ ಕಾಣುತ್ತಿತ್ತು. ಸೋಫಾ ಕವರ್ ಬದಲಿಸಬೇಕೇನೋ ಎಂದು ಮನೆಯಾಕೆ ಯೋಚಿಸುತ್ತಿದ್ದರು. ಕವರ್‌ನ ತಪ್ಪೇನೂ ಇಲ್ಲ. ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜಿನ್ ಶೆವ್ರಲ್‌ಗೆ ಇಂಥದ್ದೇ ದೂರು ಬಂದಿತ್ತು. ಅವರು ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆ ವಿಭಾಗದ ಮುಖ್ಯಸ್ಥರಾಗಿದ್ದರು. ಕಪ್ಪು ನೂಲಿನಲ್ಲಿ ಕಪ್ಪೇ ಸಾಲದು ಎನ್ನುವುದು ಆ ದೂರು. ಪರೀಕ್ಷಿಸಿದರೆ ನೂಲಿನ ಬಣ್ಣ ಸರಿಯಾಗೇ ಇತ್ತು. ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಬೇರೆಯಾಗಿ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದನ್ನೆಲ್ಲ ವಿವರವಾಗಿ ಪ್ರಕಟಿಸಿದರು. ಪಕ್ಕಪಕ್ಕ ಇಟ್ಟ ಬಣ್ಣಗಳು ಒಂದನ್ನೊಂದು ವಿರುದ್ಧ ದಿಕ್ಕಿಗೆ ತಳ್ಳುತ್ತವೆ. ಕಿತ್ತಳೆಗೆ ವಿರುದ್ಧ ನೀಲಿ. ಕಿತ್ತಳೆ ಗೋಡೆಗೆ ಒತ್ತಿ ಬೂದು ಸೋಫಾ ಇಟ್ಟರೆ ಅದು ನೀಲಿ ಕಡೆಗೆ ಜಾರುತ್ತದೆ. ಅಪ್ಪಟ ಬಿಳಿ ಸೀಲಿಂಗ್ ಕೂಡ ಅದೇ ಕಾರಣಕ್ಕೆ ತಣ್ಣಗೆ, ಕತ್ತರಿಸಿದ ಹಾಗೆ ಕಾಣುತ್ತಿತ್ತು.

ಪೇಪರ್ ಓದಲು ಯಾಕೆ ಆಗಲಿಲ್ಲ

ಅತ್ತೆಯ ಈ ತಕರಾರನ್ನು ಮನೆಯವರು "ವಯಸ್ಸಾಯ್ತಲ್ಲ" ಎಂದು ಪಕ್ಕಕ್ಕಿಟ್ಟಿದ್ದರು. ಲೆಕ್ಕ ಹಾಕಿದರೆ ನ್ಯಾಯ ಅತ್ತೆಯ ಕಡೆಗೇ ಇದೆ.

ಬಹಳ ಕಂಪನಿಗಳ ಶೇಡ್ ಕಾರ್ಡ್‌ನಲ್ಲಿ ಅಥವಾ ವೆಬ್‌ಸೈಟಿನಲ್ಲಿ ಪ್ರತಿ ಬಣ್ಣಕ್ಕೂ ಎಲ್‌ಆರ್‌ವಿ ಎಂಬ ಅಂಕಿ ಕೊಟ್ಟಿರುತ್ತಾರೆ. ಬಿದ್ದ ಬೆಳಕಿನಲ್ಲಿ ಶೇಕಡ ಎಷ್ಟನ್ನು ಆ ಬಣ್ಣ ಹಿಂದಿರುಗಿಸುತ್ತದೆ ಎನ್ನುವ ಅಳತೆ ಅದು. ಕಡುಕಪ್ಪಿಗೆ 0, ಅಪ್ಪಟ ಬಿಳಿಗೆ 100. ಇವರ ಹಳೆಯ ಬಿಳಿ ಗೋಡೆ ಸುಮಾರು 80, ಹೊಸ ಬಣ್ಣ 22. ಸೀಲಿಂಗ್‌ಗೆ 85, ಟೈಲ್ಸ್‌ಗೆ 60 ಅಂತ ಇಟ್ಟುಕೊಂಡು, ಆಯಾ ಮೇಲ್ಮೈಯ ವಿಸ್ತೀರ್ಣ ಸೇರಿಸಿ ಸರಾಸರಿ ತೆಗೆದರೆ, ಮೊದಲು ಇಡೀ ಕೋಣೆ ಶೇಕಡ 77ರಷ್ಟು ಬೆಳಕು ಹಿಂದಿರುಗಿಸುತ್ತಿತ್ತು. ಮೂರು ಗೋಡೆ ಬಳಿದ ಮೇಲೆ ಶೇಕಡ 52. ಮೂರರಲ್ಲಿ ಒಂದು ಭಾಗ ತಾನೇ ಕಡಿಮೆ ಅನಿಸಬಹುದು. ಆದರೆ ಬೆಳಕು ಒಂದೇ ಸಲ ಅಲ್ಲ, ಮತ್ತೆ ಮತ್ತೆ ಪುಟಿಯುತ್ತದೆ. ಎಲ್ಲ ಪುಟಿತಗಳನ್ನೂ ಕೂಡಿದರೆ ಮೊದಲಿನ ಕೋಣೆ ಬಂದ ಬೆಳಕನ್ನು ಸುಮಾರು 4.3 ಪಟ್ಟು ಮಾಡುತ್ತಿತ್ತು, ಈಗ 2.1 ಪಟ್ಟು. ಅಂದರೆ ಅದೇ ಕಿಟಕಿ, ಅದೇ ಹಗಲು, ಆದರೆ ಹಾಲ್‌ನ ಬೆಳಕು ಅರ್ಧಕ್ಕೆ ಇಳಿಯಿತು. ಬಾಗಿಲು, ಕಿಟಕಿ, ಸಾಮಾನು ಬಿಟ್ಟು ಹಾಕಿದ ಸರಳ ಲೆಕ್ಕ ಇದು. ದಿಕ್ಕು ತೋರಿಸಲು ಇಷ್ಟು ಸಾಕು.

ಬಣ್ಣಕ್ಕಿಂತ ಮೊದಲು ಬಲ್ಬ್

ಗಂಡನಿಗೆ ತಕ್ಷಣ ಬೇರೆ ಬಣ್ಣ ಬಳಿಸಿ ಮುಗಿಸುವ ಆತುರ. ಬೇಡ ಅಂದೆ. ಬೆಳಕು ಇದೇ ಇರುವಾಗ ಯಾವ ಬಣ್ಣ ಬಳಿದರೂ ಸಂಜೆಗೆ ಇದೇ ಹಾಡು. ಟ್ಯೂಬ್ ತೆಗೆಸಿ 3000 ಕೆಲ್ವಿನ್, ಸಿಆರ್‌ಐ 90ರ ಮೇಲಿನ ದೀಪ ಹಾಕಿಸಿದೆವು. ಒಂದೇ ದೊಡ್ಡ ದೀಪದ ಬದಲು ಸೀಲಿಂಗ್‌ನಲ್ಲಿ ಒಂದು, ಸೋಫಾ ಪಕ್ಕ ನಿಲ್ಲುವ ದೀಪ ಒಂದು, ಅತ್ತೆಯ ಕುರ್ಚಿಯ ಹಿಂದೆ ಓದುವ ದೀಪ ಒಂದು. ಆ ಸಂಜೆ, ಇನ್ನೂ ಬದಲಾಗದ ಅದೇ ಗೋಡೆ ಮೊದಲ ಸಲ ಮಣ್ಣಿನ ಹಾಗೆ ಕಂಡಿತು. "ಇಷ್ಟೇ ಇದ್ದಿದ್ದಾ?" ಅಂದರು ಗಂಡ. ಅಷ್ಟೇ ಇರಲಿಲ್ಲ, ಬೆಳಿಗ್ಗೆ ಎದ್ದರೆ ಮೂಲೆಗಳು ಮತ್ತೆ ಕಿತ್ತಳೆ.

ಇನ್ನೂ ಬೆಚ್ಚಗಿರಲಿ ಅಂತ 2700ಕ್ಕೆ ಇಳಿಯುವವರಿದ್ದಾರೆ. ಬಿಳಿ ಅಥವಾ ತಿಳಿ ಬೂದು ಕೋಣೆಗೆ ಚೆನ್ನ. ಇಟ್ಟಿಗೆ ಬಣ್ಣದ ಗೋಡೆಯ ಜೊತೆ ಸೇರಿದರೆ ಹಾಲ್‌ನಲ್ಲಿರುವ ಪುಸ್ತಕ, ಬಟ್ಟೆ, ಮನುಷ್ಯರ ಮುಖ ಎಲ್ಲ ಹಳದಿ.

ಮಣ್ಣಿನ ಬಣ್ಣ ಅಂದರೆ ಯಾವುದು

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ. ಜನ ಮಣ್ಣಿನ ಬಣ್ಣ ಅಂದಾಗ ಕೆಂಪನ್ನು ಹುಡುಕುತ್ತಾರೆ. ಹುಡುಕಬೇಕಾದ್ದು ಮಬ್ಬನ್ನು.

ಅಮೆರಿಕದ ಚಿತ್ರಕಾರ, ಶಿಕ್ಷಕ ಆಲ್ಬರ್ಟ್ ಮನ್ಸೆಲ್ ಬಣ್ಣವನ್ನು ಮೂರು ಅಳತೆಗಳಲ್ಲಿ ಹೇಳುವ ಕ್ರಮವೊಂದನ್ನು 20ನೇ ಶತಮಾನದ ಆರಂಭದಲ್ಲಿ ರೂಪಿಸಿದರು. ಯಾವ ಬಣ್ಣ, ಎಷ್ಟು ತಿಳಿ ಅಥವಾ ಗಾಢ, ಎಷ್ಟು ತೀವ್ರ. ಕೊನೆಯದನ್ನು ಕ್ರೋಮಾ ಅನ್ನುತ್ತಾರೆ. ಮಣ್ಣು ಪರೀಕ್ಷಿಸುವವರು ಇವತ್ತಿಗೂ ಹೊಲದಲ್ಲಿ ನಿಂತು ಹೆಂಟೆಯನ್ನು ಮನ್ಸೆಲ್ ಚಾರ್ಟ್‌ಗೆ ಹಿಡಿದು ಹೋಲಿಸುತ್ತಾರೆ. ಆ ಮಣ್ಣಿನ ಚಾರ್ಟ್‌ನ ಮುಖ್ಯ ಪುಟಗಳಲ್ಲಿ ಕ್ರೋಮಾ 8ಕ್ಕೆ ನಿಲ್ಲುತ್ತದೆ. ಪೇಂಟ್‌ನ ಕೆಂಪು, ಕಿತ್ತಳೆಗಳು ಅದನ್ನು ಆರಾಮಾಗಿ ದಾಟಿ ಹೋಗುತ್ತವೆ. ಎಂಥ ಕೆಮ್ಮಣ್ಣನ್ನೇ ನೋಡಿ, ಅದರೊಳಗೆ ಬೂದು, ಕಂದು ಬೆರೆತೇ ಇರುತ್ತದೆ. ಕಣ್ಣಿಗೆ ಹಿತವಾಗುವುದು ಆ ಕೊಳೆಯಿಂದಲೇ.

ಮಣ್ಣಿಗೆ ಈ ಕೆಂಪು, ಹಳದಿ ಬಣ್ಣ ಬರುವುದು ಕಬ್ಬಿಣದಿಂದ. ಹೆಮಟೈಟ್ ಎಂಬ ಕಬ್ಬಿಣದ ಖನಿಜ ಇದ್ದರೆ ಕೆಂಪು, ಗೋಥೈಟ್ ಎಂಬ ಇನ್ನೊಂದು ಖನಿಜ ಇದ್ದರೆ ಹಳದಿ, ಜೊತೆಗೆ ಮ್ಯಾಂಗನೀಸ್ ಸೇರಿದರೆ ಅಂಬರ್ ಎನ್ನುವ ಗಾಢ ಕಂದು. ಹಳದಿ ಮಣ್ಣನ್ನು ಕಾಯಿಸಿದರೆ ಗೋಥೈಟ್‌ನೊಳಗಿನ ನೀರು ಹೋಗಿ ಹೆಮಟೈಟ್ ಆಗುತ್ತದೆ, ಅಂದರೆ ಕೆಂಪಾಗುತ್ತದೆ. ಇಟ್ಟಿಗೆ ಸುಟ್ಟರೆ ಕೆಂಪಾಗುವುದರ ಹಿಂದೆಯೂ ಕಬ್ಬಿಣವೇ ಇದೆ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸುಮಾರು 1 ಲಕ್ಷ ವರ್ಷ ಹಿಂದೆ ಕೆಮ್ಮಣ್ಣು ಅರೆದು, ಚಿಪ್ಪಿನಲ್ಲಿ ಕಲಸಿಟ್ಟದ್ದು ಸಿಕ್ಕಿದೆ. ಬಣ್ಣ ಇನ್ನೂ ಬಣ್ಣವಾಗೇ ಇದೆ. ಈ ಮಣ್ಣಿನ ಬಣ್ಣಗಳಲ್ಲಿರುವ ಐರನ್ ಆಕ್ಸೈಡ್ ಬಿಸಿಲಿಗೆ ಮಾಸುವುದಿಲ್ಲ, ಸುಣ್ಣಕ್ಕೂ ಜಗ್ಗುವುದಿಲ್ಲ. ಕೆಳಗಿನ ಬಣ್ಣವನ್ನು ಚೆನ್ನಾಗಿ ಮುಚ್ಚುತ್ತದೆ ಕೂಡ. ಗೋಡೆಗೆ ಇದಕ್ಕಿಂತ ನಂಬಿಕಸ್ಥ ಪಿಗ್ಮೆಂಟ್ ಸಿಗುವುದು ಕಷ್ಟ.

ಹಾಗಾಗಿ ನಾನು ಮನೆಯಾಕೆಗೆ ಹೇಳಿದ್ದು ಇಷ್ಟು: ಕಾರ್ಡ್‌ನಲ್ಲಿ ನಿಮಗೆ ಇಷ್ಟವಾದ ಚೌಕ ಬಿಡಿ. ಅದೇ ಸಾಲಿನಲ್ಲಿ ಅದಕ್ಕಿಂತ ಎರಡು ಮಟ್ಟ ಧೂಳು ಹಿಡಿದಂತೆ ಕಾಣುವುದನ್ನು ತೆಗೆದುಕೊಳ್ಳಿ. "ಇದು ಸಪ್ಪೆ ಅಲ್ವಾ?" ಅಂದರು. ಕಾರ್ಡ್‌ನಲ್ಲಿ ಸಪ್ಪೆಯೇ. ಗೋಡೆಯ ತುಂಬ ಬಂದಾಗ ಪುಟಿತದಿಂದ ಅದರ ತೀವ್ರತೆ ತಾನಾಗೇ ಏರುತ್ತದೆ.

ಸುಮ್ನೆ ನನ್ನ ಮಾತು ನಂಬಲಿಲ್ಲ, ನಂಬಬೇಕಾಗಿಯೂ ಇಲ್ಲ. ಈ ಸಲ ನಾಲ್ಕು ಶೇಡ್‌ಗಳ ಸ್ಯಾಂಪಲ್ ಡಬ್ಬಿ ತರಿಸಿ, ದೊಡ್ಡ ದಪ್ಪ ರಟ್ಟಿನ ಹಾಳೆಗಳಿಗೆ ಎರಡೆರಡು ಕೋಟ್ ಬಳಿದೆವು. ನೇರವಾಗಿ ಗೋಡೆಗೆ ಪಟ್ಟೆ ಬಳಿದು ನೋಡುವವರೇ ಜಾಸ್ತಿ. ಆದರೆ ಸುತ್ತ ಹಳೆಯ ಕಿತ್ತಳೆ ಇದ್ದರೆ ಶೆವ್ರಲ್ ಹೇಳಿದ ಮೋಸ ಅಲ್ಲೂ ನಡೆಯುತ್ತದೆ, ಯಾವ ಹೊಸ ಬಣ್ಣವೂ ನೀಲಿ ಕಡೆಗೆ ಜಾರಿದಂತೆ ಕಾಣುತ್ತದೆ. ರಟ್ಟಾದರೆ ಹಿಂದೆ ಬಿಳಿ ಬಟ್ಟೆ ಇಳಿಬಿಟ್ಟು ನೋಡಬಹುದು, ಮೂಲೆಗೂ ಒಯ್ಯಬಹುದು. ಎರಡು ರಟ್ಟುಗಳನ್ನು ಮೂಲೆಯಲ್ಲಿ ಎದುರುಬದುರು ನಿಲ್ಲಿಸಿದರೆ ಪುಟಿತದ ಬಣ್ಣವೂ ಅಂದಾಜಾಗುತ್ತದೆ. ಬಳಿದ ತಕ್ಷಣ ತೀರ್ಮಾನ ಮಾಡಬಾರದು. ನೀರಿನ ಎಮಲ್ಷನ್ ಹಸಿಯಿದ್ದಾಗ ಹಾಲು ಬೆರೆತಂತೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ.

ನಾಲ್ಕರಲ್ಲಿ ಎರಡು ಮೊದಲ ದಿನವೇ ಹೋದವು. ಉಳಿದ ಎರಡರಲ್ಲಿ ಒಂದು ಸಂಜೆ ಬಲು ಚೆಂದ, ಹಗಲಲ್ಲಿ ಕೆಸರು. ಎಲ್‌ಆರ್‌ವಿ ಸುಮಾರು 30 ಇದ್ದ, ಒಣಗಿದ ಜೇಡಿಮಣ್ಣಿನಂಥದ್ದು ಮಾತ್ರ ಮೂರೂ ಹೊತ್ತು ತಡೆದುಕೊಂಡಿತು. ಕಾರ್ಡ್‌ನಲ್ಲಿ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಎಷ್ಟು ಗೋಡೆ, ಯಾವ ಗೋಡೆ

ಇಲ್ಲಿ ವಾದ ಆಯಿತು. ಗೋಡೆ, ಸೀಲಿಂಗ್ ಎಲ್ಲ ಒಂದೇ ಬಣ್ಣ ಬಳಿಯುವ ರೀತಿ ಗಂಡನಿಗೆ ಇಷ್ಟ. ನನಗೂ ಅದು ಇಷ್ಟವೇ. ಒಂದು ಗೋಡೆಗೆ ಮಾತ್ರ ಬಣ್ಣ ಹಚ್ಚುವುದು ಬಹಳ ಸಲ ಧೈರ್ಯ ಸಾಲದೆ ಮಾಡುವ ಕೆಲಸ. ಆದರೆ ಪೂರ್ತಿ ಬಳಿಯುವುದು ಸಂಜೆ ಬಳಸುವ ಕೋಣೆಗೆ, ಮಲಗುವ ಕೋಣೆಗೆ, ಚಿಕ್ಕ ಓಣಿಯಂಥ ಜಾಗಕ್ಕೆ. ಹಗಲೆಲ್ಲ ಒಬ್ಬರು ಕೂತು ಓದುವ, ಬಿಸಿಲೇ ಬಾರದ ಹಾಲ್‌ಗೆ ಅಲ್ಲ.

ಗೋಡೆಯ ಕೆಳಗಿನ ಮೂರೂವರೆ ಅಡಿಗೆ ಮಾತ್ರ ಮಣ್ಣಿನ ಬಣ್ಣ ಬಳಿದು ಮೇಲೆ ತಿಳಿ ಬಿಡುವ ದಾರಿಯನ್ನೂ ಮುಂದಿಟ್ಟೆ. ಮನೆಯಾಕೆಗೆ ಹಿಡಿಸಲಿಲ್ಲ, ಶಾಲೆ ನೆನಪಾಗುತ್ತದಂತೆ. ಸರಿ, ಬಿಟ್ಟೆವು.

ಕೊನೆಗೆ ಕಿಟಕಿಗೆ ಎದುರಿನ 14 ಅಡಿಯ ಗೋಡೆ ಮಾತ್ರ ಜೇಡಿಮಣ್ಣಿನ ಬಣ್ಣ. ಬೆಳಕು ನೇರ ಬೀಳುವ ಗೋಡೆಯೇ ಗಾಢ ಬಣ್ಣವನ್ನು ಹೊರಬಲ್ಲದು. ಕಿಟಕಿ ಇರುವ ಗೋಡೆಗೆ ಗಾಢ ಬಣ್ಣ ಹಾಕಿದರೆ ಹೊರಗಿನ ಪ್ರಕಾಶದ ಎದುರು ಅದು ಬರೀ ಕಪ್ಪು ಚೌಕಟ್ಟು. ಉಳಿದ ಮೂರು ಗೋಡೆಗೆ ಅದೇ ಕುಟುಂಬದ ಮರಳಿನ ಬಣ್ಣ, ಎಲ್‌ಆರ್‌ವಿ 68. ಸೀಲಿಂಗ್‌ಗೂ ಅಪ್ಪಟ ಬಿಳಿ ಬೇಡವೆಂದು, ಮರಳಿನ ಬಣ್ಣಕ್ಕೆ ಬಹಳಷ್ಟು ಬಿಳಿ ಬೆರೆಸಿದಂಥ ಶೇಡ್. ಮೊದಲಿನ ಲೆಕ್ಕವನ್ನೇ ಮತ್ತೆ ಹಾಕಿದರೆ ಕೋಣೆಯ ಸರಾಸರಿ ಶೇಕಡ 63ಕ್ಕೆ ಏರುತ್ತದೆ, ಬೆಳಕು 2.7 ಪಟ್ಟು. ಬಿಳಿ ಹಾಲ್‌ನಷ್ಟಿಲ್ಲ, ಕಿತ್ತಳೆ ಹಾಲ್‌ಗಿಂತ ಕಾಲು ಭಾಗಕ್ಕೂ ತುಸು ಹೆಚ್ಚೇ ಜಾಸ್ತಿ.

ಕೆಲಸ ನಡೆದ ರೀತಿ

ಪೇಂಟರ್ ಬಂದ ದಿನ ಮೊದಲು ಮಾಡಿದ್ದು ಟಾರ್ಚ್ ಪರೀಕ್ಷೆ. ಕೋಣೆ ಕತ್ತಲು ಮಾಡಿ, ಟಾರ್ಚ್ ಅನ್ನು ಗೋಡೆಗೆ ತಾಗಿಸಿ ಅಡ್ಡಲಾಗಿ ಬೆಳಕು ಬಿಟ್ಟರು. ಪುಟ್ಟಿ ಎಳೆದ ಕಡೆಯೆಲ್ಲ ಅಲೆ ಅಲೆ, ಸ್ವಿಚ್‌ಬೋರ್ಡ್ ಸುತ್ತ ಉಬ್ಬು, ಹಳೆಯ ಮೊಳೆ ತೂತು ಮುಚ್ಚಿದಲ್ಲಿ ಗುಳಿ. ಬಿಳಿ ಗೋಡೆಯಲ್ಲಿ ಇಷ್ಟು ದಿನ ಅಡಗಿದ್ದ ಇದನ್ನೆಲ್ಲ ಸಾಟಿನ್‌ನ ಹೊಳಪು ಎತ್ತಿ ತೋರಿಸುತ್ತಿತ್ತು. ಉಬ್ಬು ತಿಕ್ಕಿ, ಗುಳಿಗೆ ಪುಟ್ಟಿ ತುಂಬಿ, ಇಡೀ ಗೋಡೆಯ ಹೊಳಪು ಹೋಗುವಂತೆ 220 ನಂಬರ್ ಸ್ಯಾಂಡ್‌ಪೇಪರ್ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಧೂಳು ತೆಗೆದರು. ಹೊಳಪಿನ ಮೇಲೆ ಹಾಗೇ ಬಳಿದರೆ ಹೊಸ ಬಣ್ಣ ಹಿಡಿಯದೆ ಆಮೇಲೆ ಸಿಪ್ಪೆ ಏಳುತ್ತದೆ. ಮರಳಿನ ಬಣ್ಣ ಬರುವ ಗೋಡೆಗಳಿಗೆ ಪ್ರೈಮರ್ ಕೂಡ ಬೇಕಾಯಿತು, ಇಲ್ಲದಿದ್ದರೆ ಕೆಳಗಿನ ಕಿತ್ತಳೆ ಇಣುಕುತ್ತಿತ್ತು. ಗಾಢ ಗೋಡೆಯಲ್ಲಿ ಪುಟ್ಟಿ ಹಾಕಿದ ಜಾಗಕ್ಕೆ ಮಾತ್ರ ಪ್ರೈಮರ್.

ಫಿನಿಶ್ ಈ ಸಲ ಮ್ಯಾಟ್. ಮಣ್ಣಿಗೆ ಹೊಳಪು ಒಗ್ಗುವುದಿಲ್ಲ, ಆದರೆ ಮ್ಯಾಟ್‌ನ ಕಷ್ಟ ಬೇರೆ. ಗಾಢ ಮ್ಯಾಟ್ ಗೋಡೆಗೆ ಕೈ, ಕುರ್ಚಿ ತಗುಲಿದ ಕಡೆ ಹೊಳೆಯುವ ಗುರುತು ಬೀಳುತ್ತದೆ. ಮಗ ಇರುವ ಮನೆ, ಆದ್ದರಿಂದ ತೊಳೆಯಬಹುದಾದ ಮ್ಯಾಟ್ ತರಿಸಿದರು. ಸುಣ್ಣದ ಬಣ್ಣದ ಮೋಡ ಮೋಡ ನೋಟ ಬೇಕು ಎಂದು ಮನೆಯಾಕೆಗೆ ಆಸೆ ಇತ್ತು. ಸುಣ್ಣ ಹೀರಿಕೊಳ್ಳುವ ಗೋಡೆಗೆ ಹಿಡಿಯುತ್ತದೆ, ಎಮಲ್ಷನ್ ಬಳಿದ ಗೋಡೆಗೆ ನೇರ ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಪ್ರೈಮರ್, ಬೇರೆಯೇ ಕೈ ಬೇಕು. ಕೈಬಿಟ್ಟರು.

ಗಾಢ ಗೋಡೆಗೆ ಬೇಕಾದ ಡಬ್ಬಿಗಳನ್ನೆಲ್ಲ ಒಂದೇ ಬಕೆಟ್‌ಗೆ ಸುರಿದು ಕಲಸಿದರು. ಮೆಷಿನ್‌ನಲ್ಲಿ ಬೆರೆಸಿದರೂ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯ ವ್ಯತ್ಯಾಸ ಇರಬಹುದು, ನಡುಗೋಡೆಯಲ್ಲಿ ಅದು ಗೆರೆಯಾಗಿ ಕಾಣುತ್ತದೆ. ಅಂಚಿಗೆ ಬ್ರಷ್ ಎಳೆದು, ಅದು ಒಣಗುವ ಮೊದಲೇ ರೋಲರ್ ಕೂಡಿಸುತ್ತ, ಗೋಡೆಯನ್ನು ನಡುವೆ ಬಿಡದೆ ಒಂದೇ ಉಸಿರಿಗೆ ಮುಗಿಸಿದರು. ಊಟದ ಹೊತ್ತಾಯಿತು ಅಂತ ಅರ್ಧಕ್ಕೆ ಬಿಟ್ಟರೆ ಮ್ಯಾಟ್‌ನಲ್ಲಿ ಆ ಜಾಗ ಶಾಶ್ವತ.

ಉಳಿದ ಸಾಮಾನು

ಕಿತ್ತಳೆ ಗೋಡೆಗೆ ಹೊಂದಲಿ ಅಂತ ಅವರು ಅದೇ ಬಣ್ಣದ ಕುಶನ್, ಪರದೆ ಕೊಂಡಿಟ್ಟಿದ್ದರು. ಎರಡನ್ನೂ ಬೇರೆ ಕೋಣೆಗೆ ಕಳಿಸಿದೆ. ಗೋಡೆ ಹೇಳಿದ್ದನ್ನೇ ಕುಶನ್ ಮತ್ತೆ ಹೇಳುವುದರಲ್ಲಿ ಅರ್ಥ ಇಲ್ಲ. ಬಣ್ಣ ಹಾಕದ ಹತ್ತಿಯ ಪರದೆ ಬಂತು, ಟೈಲ್ಸ್‌ನ ಹೊಳಪು ಮುರಿಯಲು ಸೆಣಬಿನ ಹಾಸು ಬಂತು. ಬೂದು ಸೋಫಾ ಅಲ್ಲೇ ಉಳಿಯಿತು. ಈಗಲೂ ಅದು ಸ್ವಲ್ಪ ನೀಲಿಯೇ, ಆದರೆ ಗೋಡೆ ಮಬ್ಬಾದ್ದರಿಂದ ಆ ನೀಲಿ ಹದವಾಗಿದೆ. ಇಡೀ ಹಾಲ್‌ಗೆ ಬೇಕಾದ ತಂಪು ಅಲ್ಲಿಂದಲೇ ಸಿಗುತ್ತಿದೆ. ಗೋಡೆಯ ಮುಂದೆ ಇಟ್ಟ ಗಿಡಗಳ ಹಸಿರೂ ಕೆಂಪು ಹಿನ್ನೆಲೆಗೆ ಎದ್ದು ಕಾಣುತ್ತದೆ.

ಎಲ್ಲ ಸರಿಹೋಯಿತು ಅನ್ನಲಾರೆ. ಮರದ ಹಸಿರು ಬೆಳಕು ಹೋಗಿಲ್ಲ, ನಡುಹಗಲಲ್ಲಿ ಗೋಡೆ ಈಗಲೂ ಒಂದು ಮಟ್ಟ ಕಂದು. ಪರದೆ ಎಳೆದರೆ ಸ್ವಲ್ಪ ತಗ್ಗುತ್ತದೆ. ಪೂರ್ತಿ ಹೋಗಬೇಕಾದರೆ ಮರ ಹೋಗಬೇಕು, ಅದನ್ನು ಯಾರೂ ಕೇಳುತ್ತಿಲ್ಲ. ಅತ್ತೆ ಪೇಪರ್ ಓದುತ್ತಾರೆ, ಆದರೆ ಬಿಳಿಯೇ ಚೆನ್ನಾಗಿತ್ತು ಎನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಗೆ ಅಂಚಿನವರೆಗೆ ತುಂಬಿ, ಶೇಡ್ ನಂಬರ್ ಬರೆದು ಇಡಿಸಿದ್ದೇನೆ. ಅರ್ಧ ಖಾಲಿ ಡಬ್ಬಿಯಲ್ಲಿ ಗಾಳಿ ಸೇರಿ ಕೆನೆಗಟ್ಟುತ್ತದೆ.

ಈಗ ಮಗನ ಕೋಣೆಗೂ ಇದೇ ಬಣ್ಣ ಬೇಕಂತೆ. ಆ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ, ಇಳಿ ಹೊತ್ತಿನ ಕೆಂಪು ಬಿಸಿಲು ನೇರ ಗೋಡೆಗೇ ಬೀಳುತ್ತದೆ. ಹಾಲ್‌ನಲ್ಲಿ ಹದವಾಗಿರುವ ಬಣ್ಣ ಅಲ್ಲಿ ಮತ್ತೆ ಕಿತ್ತಳೆಯಾಗುತ್ತದೆ. ಅಲ್ಲಿಗೆ ಇನ್ನೂ ಕಂದಿನ ಕಡೆಗಿರುವ, ಅಂಬರ್‌ನ ತಿಳಿ ಛಾಯೆ ನೋಡೋಣ ಅಂದಿದ್ದೇನೆ. ರಟ್ಟಿಗೆ ಎರಡು ಕೋಟ್ ಬಳಿದು, ಸಂಜೆ ಐದರಿಂದ ಆರರವರೆಗೆ ಆ ಗೋಡೆಯ ಮೇಲಿಟ್ಟು ನೋಡಿ ಆಮೇಲೆ ತೀರ್ಮಾನ.